ಹೊಸ ಗೆಡ್ಡೆ ಬಾಣಲೆಗೆ, ಹಳೆ ಗೆಡ್ಡೆ ಪಲ್ಯಕ್ಕೆ

ಹಾಸನ
ಭಾನುವಾರ, 15 ಸೆಪ್ಟೆಂಬರ್ 2024

ದುದ್ದದ ಕಡೆ ಜಮೀನು ಮಾಡುವ ಸೋದರಮಾವ ನಿನ್ನೆ ಸಂಜೆ ಒಂದು ಚೀಲ ಹೊಸ ಆಲೂಗಡ್ಡೆ ಕಳುಹಿಸಿದ್ದಾರೆ. ಮುಂಗಾರಿನ ಮೊದಲ ಮಳೆಗೆ ಬಿತ್ತಿದ ಬೆಳೆ ಈಗ ಕಿತ್ತು ಮುಗಿಯುತ್ತಿದೆ. ಚೀಲದ ಬಾಯಿ ಬಿಚ್ಚಿದಾಗ ಕೆಂಪು ಮಣ್ಣು ಇನ್ನೂ ಹಸಿಯಾಗಿಯೇ ಅಂಟಿಕೊಂಡಿತ್ತು. ಒಂದು ಗೆಡ್ಡೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಸಿಪ್ಪೆ ಈರುಳ್ಳಿಯ ಒಳಪೊರೆಯಂತೆ ತೆಳ್ಳಗೆ ಸುರುಳಿಯಾಗಿ ಬಿಟ್ಟುಬರುತ್ತದೆ, ಅದರ ಕೆಳಗಿನ ಮೈ ನೀರೊಸರಿ ಹೊಳೆಯುತ್ತದೆ. ಕಳೆದ ವಾರ ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ ಹಳೆಯ ಆಲೂಗಡ್ಡೆಯೂ ಬುಟ್ಟಿಯಲ್ಲಿ ಉಳಿದಿದೆ. ಅದು ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಬೆಳೆದು, ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿದ್ದು, ಲಾರಿಯಲ್ಲಿ ಇಲ್ಲಿಗೆ ಬಂದದ್ದು. ಹೀಗೆ ಎರಡು ಬಗೆಯ ಗೆಡ್ಡೆ ಒಟ್ಟಿಗೆ ಮನೆಯಲ್ಲಿರುವ ಈ ಕೆಲವು ವಾರಗಳಲ್ಲಿ ಆಲೂಗಡ್ಡೆಯ ಅಡುಗೆ ಮಾಡುವುದು ನನಗೆ ಬಹಳ ಇಷ್ಟವಾದ ಕೆಲಸ. ಯಾವ ಗೆಡ್ಡೆ ಯಾವ ಅಡುಗೆಗೆ ಎಂಬುದನ್ನು ಕೈಯಲ್ಲಿ ಹಿಡಿದೇ ತಿಳಿಯಬಹುದಾದ ಕಾಲ ಇದು.

ಆಲೂಗಡ್ಡೆಯನ್ನು ಎಲ್ಲ ಕಾಲಕ್ಕೂ ಎಲ್ಲ ಅಡುಗೆಗೂ ಒಗ್ಗುವ ಒಂದೇ ತರಕಾರಿ ಎಂದುಕೊಳ್ಳುವವರೇ ಹೆಚ್ಚು. ಆದರೆ ಅದು ಹಾಗಿಲ್ಲ. ಹೊಲದಿಂದ ನೇರವಾಗಿ ಬಂದ ಎಳೆಯ ಗೆಡ್ಡೆಯಲ್ಲಿ ನೀರು ಹೆಚ್ಚು, ಹಿಟ್ಟಿನ ಅಂಶ ಕಡಿಮೆ. ಆದ್ದರಿಂದ ಅದು ಬೆಂದ ಮೇಲೂ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ಕಿವುಚಿದರೆ ತುಂಡು ತುಂಡಾಗಿಯೇ ಉಳಿಯುತ್ತದೆ, ಇನ್ನೂ ಕಿವುಚಿದರೆ ಅಂಟಾಗುತ್ತದೆ. ಪೂರ್ತಿ ಬಲಿತು, ಸಿಪ್ಪೆ ಗಟ್ಟಿಯಾಗಿ, ಕೆಲವು ತಿಂಗಳು ಕಳೆದ ಗೆಡ್ಡೆಯಾದರೆ ಬೇಯುತ್ತಿದ್ದಂತೆ ಹಿಟ್ಟುಹಿಟ್ಟಾಗಿ ಅರಳುತ್ತದೆ. ಎರಡೂ ಒಳ್ಳೆಯ ಗುಣಗಳೇ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದಾಗ ಮಾತ್ರ ಅಡುಗೆ ಕೈಕೊಡುತ್ತದೆ.

ಇವತ್ತು ಬೆಳಿಗ್ಗೆ ಮೊದಲು ಒಲೆಗೆ ಏರಿದ್ದು ಚೀಲದಲ್ಲಿದ್ದ ಸಣ್ಣ ಸಣ್ಣ ಗೆಡ್ಡೆಗಳು. ನಿಂಬೆಹಣ್ಣಿನ ಗಾತ್ರದವನ್ನೇ ಅರ್ಧ ಕಿಲೋದಷ್ಟು ಆರಿಸಿ, ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ಗೋಣಿಚೀಲದ ತುಂಡಿನಿಂದ ಉಜ್ಜಿ ತೊಳೆದುಕೊಂಡೆ. ಸಿಪ್ಪೆಯನ್ನು ಹೆರೆಯುವ ಅಗತ್ಯವಿಲ್ಲ, ಹೆರೆದರೆ ಈ ಅಡುಗೆಯ ರುಚಿಯ ಅರ್ಧ ಭಾಗ ಹೋದಂತೆಯೇ. ತಣ್ಣೀರಿಗೆ ಉಪ್ಪು ಹಾಕಿ, ಅದರಲ್ಲಿಯೇ ಗೆಡ್ಡೆಗಳನ್ನು ಬಿಟ್ಟು ಒಲೆ ಹಚ್ಚಬೇಕು. ಕುದಿಯುವ ನೀರಿಗೆ ಹಾಕಿದರೆ ಹೊರಮೈ ಬೆಂದು ಬಿರಿಯುವ ಹೊತ್ತಿಗೂ ನಡುಭಾಗ ಹಸಿಯಾಗಿಯೇ ಇರುತ್ತದೆ, ತಣ್ಣೀರಿನಿಂದ ಆರಂಭಿಸಿದರೆ ಒಳಗೂ ಹೊರಗೂ ಒಂದೇ ಹದದಲ್ಲಿ ಬೇಯುತ್ತದೆ. ಚಾಕುವಿನ ತುದಿ ಸಲೀಸಾಗಿ ಒಳಗೆ ಹೋಗಿ ನಟ್ಟನಡುವೆ ತುಸು ತಡೆದಾಗ ಇಳಿಸಿ, ನೀರು ಬಸಿದು, ಒಣ ಬಟ್ಟೆಯ ಮೇಲೆ ಹರಡಿ ಹಬೆ ಪೂರ್ತಿ ಹೋಗುವವರೆಗೆ ಬಿಡಬೇಕು. ಅವಸರದಲ್ಲಿ ಈ ಹಂತವನ್ನು ಬಿಡುವವರು ಬಹಳ, ಆದರೆ ಮೈಯಲ್ಲಿ ನೀರಿರುವ ಗೆಡ್ಡೆ ಎಣ್ಣೆಯಲ್ಲಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ.

ಆರಿದ ಗೆಡ್ಡೆಯನ್ನು ಒಂದೊಂದಾಗಿ ಅಂಗೈಯ ಕೆಳಗಿಟ್ಟು, ಸಿಪ್ಪೆ ಒಂದೆರಡು ಕಡೆ ಬಿರುಕು ಬಿಡುವಷ್ಟು ಮಾತ್ರ ಒತ್ತಿದೆ. ಕಬ್ಬಿಣದ ಬಾಣಲೆಯಲ್ಲಿ 3 ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕಿ, ಗೆಡ್ಡೆಗಳನ್ನು ಒಂದೇ ಪದರದಲ್ಲಿ ಜೋಡಿಸಿ, ಸಣ್ಣ ಉರಿಯಲ್ಲಿ ಸುಮ್ಮನೆ ಬಿಟ್ಟೆ. ಸೌಟು ಆಡಿಸದೆ ಕಾಯುವುದೇ ಇಲ್ಲಿ ಕೆಲಸ. ತಳ ಕಟ್ಟಿಕೊಳ್ಳುವ ಮೊದಲೇ ಕೆದಕಿದರೆ ಮೈ ಬಾಣಲೆಗೆ ಅಂಟಿ ಹರಿಯುತ್ತದೆ, ಗರಿಗಟ್ಟಿದ ಮೇಲಾದರೆ ತಾನಾಗಿಯೇ ಬಿಟ್ಟು ಜಾರುತ್ತದೆ. ಒಂದು ಮಗ್ಗುಲು ಹೊಂಬಣ್ಣವಾದ ಮೇಲೆ ತಿರುವಿಹಾಕಿ, ಇನ್ನೊಂದು ಮಗ್ಗುಲೂ ಆಗುವ ಹೊತ್ತಿಗೆ ಸಿಪ್ಪೆ ಸಹಿತ ಜಜ್ಜಿದ ಬೆಳ್ಳುಳ್ಳಿ, ಕೊನೆಗೆ ಉರಿ ಆರಿಸಿ ಅಚ್ಚಖಾರದ ಪುಡಿ, ಕುಟ್ಟಿದ ಕಾಳುಮೆಣಸು ಮತ್ತು ಉಪ್ಪು ಉದುರಿಸಿದೆ. ಖಾರದ ಪುಡಿಯನ್ನು ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ, ಬಾಣಲೆಯಲ್ಲಿ ಉಳಿದ ಕಾವೇ ಅದಕ್ಕೆ ಸಾಕು. ಬಿರುಕಿನೊಳಗೆ ಇಳಿದ ಎಣ್ಣೆ, ಖಾರ ಮತ್ತು ಬೆಳ್ಳುಳ್ಳಿಯ ಘಮದೊಡನೆ ಬಿಸಿ ಬಿಸಿ ಅನ್ನ, ತಿಳಿಸಾರಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರೆ ತರಕಾರಿಯಲ್ಲಿ ಸಿಗುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಇದೇ ಅಡುಗೆಯನ್ನು ಹಳೆಯ ಗೆಡ್ಡೆಯಲ್ಲಿ ಮಾಡಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದುಬಣ್ಣ ಬರುವುದುಂಟು. ಅದಕ್ಕೆ ಕಾರಣ ಶೀತ. ಆಲೂಗಡ್ಡೆಯನ್ನು 7–8 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪದಲ್ಲಿ ಬಹಳ ದಿನ ಇಟ್ಟರೆ ಅದರಲ್ಲಿರುವ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಡುತ್ತದೆ. ಎಣ್ಣೆಯ ಕಾವಿನಲ್ಲಿ ಆ ಸಕ್ಕರೆ ಬೇಗನೆ ಕಂದುಗಟ್ಟಿ, ನಾಲಿಗೆಗೆ ತುಸು ಸಿಹಿ, ತುಸು ಕಹಿ ತಾಗುತ್ತದೆ. ಮನೆಯಲ್ಲಿ ಚಿಪ್ಸ್ ಕರಿದಾಗ ಕೆಲವೊಮ್ಮೆ ಎಷ್ಟು ಎಚ್ಚರವಹಿಸಿದರೂ ಕಪ್ಪಾಗುವುದು ಇದರಿಂದಲೇ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬಾರದೆಂದು ನಾನು ಎಲ್ಲರಿಗೂ ಹೇಳುವುದೂ ಇದೇ ಕಾರಣಕ್ಕೆ. ಕೋಲ್ಡ್ ಸ್ಟೋರೇಜಿನಿಂದ ಬಂದ ಗೆಡ್ಡೆಯನ್ನು ಒಂದೆರಡು ವಾರ ಮನೆಯ ಸಾಮಾನ್ಯ ತಾಪದಲ್ಲಿ, ಕತ್ತಲಲ್ಲಿ ಇಟ್ಟರೆ ಆ ಸಿಹಿ ಬಹುಮಟ್ಟಿಗೆ ಇಳಿಯುತ್ತದೆ. ಕರಿಯುವುದಕ್ಕೆ ಹೆಚ್ಚಿದ ಬಿಲ್ಲೆಗಳನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟು, ನೀರು ತಿಳಿಯಾಗುವವರೆಗೆ ಬದಲಿಸಿ, ಬಟ್ಟೆಯಲ್ಲಿ ಒರೆಸಿ ಎಣ್ಣೆಗೆ ಬಿಟ್ಟರೆ ಮೇಲ್ಮೈಯ ಪಿಷ್ಟವೂ ಸಕ್ಕರೆಯೂ ಹೋಗಿ ಬಣ್ಣ ಚೆನ್ನಾಗಿ ಬರುತ್ತದೆ.

ಹಳೆಯ ಗೆಡ್ಡೆಗೆ ಅದರದೇ ಆದ ಸ್ಥಾನವಿದೆ, ಅದು ದೋಸೆಯ ಪಲ್ಯ. ಮಸಾಲೆ ದೋಸೆಯ ಒಳಗೆ ಹೋಗುವ ಪಲ್ಯ ಮೆತ್ತಗಿರಬೇಕು, ಆದರೆ ಮುದ್ದೆಯಾಗಬಾರದು. ನಡುನಡುವೆ ಹಲ್ಲಿಗೆ ಸಿಗುವ ಚೂರುಗಳಿರಬೇಕು, ಅವುಗಳ ಸುತ್ತ ಕರಗಿದ ಗೆಡ್ಡೆಯೇ ಗೊಜ್ಜಿನಂತೆ ಹಿಡಿದುಕೊಂಡಿರಬೇಕು. ಹಿಟ್ಟಾಗಿ ಅರಳುವ ಬಲಿತ ಗೆಡ್ಡೆಯಿಂದ ಮಾತ್ರ ಇದು ಸಾಧ್ಯ. ಸಿಪ್ಪೆ ಸಹಿತ ಬೇಯಿಸಿ, ಬಿಸಿಯಿರುವಾಗಲೇ ಸುಲಿದು, ಕೈಯಿಂದಲೇ ಒಡೆಯಬೇಕು. ಚಾಕುವಿನಿಂದ ಕತ್ತರಿಸಿದ ಚೌಕದ ತುಂಡುಗಳಿಗೆ ಒಗ್ಗರಣೆ ಹಿಡಿಯುವುದಿಲ್ಲ, ಒರಟಾಗಿ ಒಡೆದ ಮೈಗೆ ಹಿಡಿಯುತ್ತದೆ. ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಹೆಚ್ಚಿದ ಶುಂಠಿ, ಕರಿಬೇವು, ಆಮೇಲೆ ಉದ್ದುದ್ದಕ್ಕೆ ಸೀಳಿದ ಈರುಳ್ಳಿ. ಈರುಳ್ಳಿ ಗಾಜಿನ ಬಣ್ಣಕ್ಕೆ ಬಂದರೆ ಸಾಕು, ಕೆಂಪಗಾದರೆ ಪಲ್ಯದ ರುಚಿಯೇ ಬೇರೆ ದಾರಿ ಹಿಡಿಯುತ್ತದೆ. ಅರಿಶಿನ ಮತ್ತು ಉಪ್ಪು ಹಾಕಿ, ಅರ್ಧ ಲೋಟ ನೀರು ಬಿಟ್ಟು, ಅದು ಕುದಿಯುವಾಗ ಗೆಡ್ಡೆ ಸೇರಿಸಿ ಮುಚ್ಚಿಟ್ಟರೆ ನೀರೆಲ್ಲ ಒಳಗೆ ಎಳೆದುಕೊಂಡು ಪಲ್ಯ ಮಿದುವಾಗುತ್ತದೆ. ನಿಂಬೆರಸ ಕೆಳಗಿಳಿಸಿದ ಮೇಲೆ. ಹಬ್ಬದ ದಿನ ಈರುಳ್ಳಿ ಬಿಟ್ಟು, ಅದರ ಬದಲು ಕಾಯಿತುರಿ ಮತ್ತು ಕೊತ್ತಂಬರಿ ಸೊಪ್ಪನ್ನು ಧಾರಾಳವಾಗಿ ಹಾಕಿ ಮಾಡಿದ ಇದೇ ಪಲ್ಯ ಪೂರಿಗೂ ಬಹಳ ಹೊಂದುತ್ತದೆ.

ಮಧ್ಯಾಹ್ನಕ್ಕೆ ಅತ್ತೆಯವರು ಹಲಸಂದೆಕಾಳಿನ ಸಾರು ಮಾಡಿಸಿದರು. ಕಾಳು, ಬದನೆಕಾಯಿ, ಆಲೂಗಡ್ಡೆ, ಈ ಮೂರೂ ಸೇರಿದ ಸಾರಿಗೆ ರಾಗಿಮುದ್ದೆ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಎರಡನೆಯ ಮಾತಿಲ್ಲ. ರಾತ್ರಿ ನೆನೆದ ಕಾಳು ಬೆಂದ ಮೇಲೆ ದೊಡ್ಡ ತುಂಡುಗಳಾಗಿ ಹೆಚ್ಚಿದ ಹೊಸ ಆಲೂಗಡ್ಡೆಯನ್ನು ಹಾಕಿ, ರುಬ್ಬಿದ ಕಾಯಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ ಮತ್ತು ಮನೆಯ ಸಾರಿನ ಪುಡಿಯ ಮಸಾಲೆ ಸೇರಿಸಿದೆ. ಹುಣಸೆ ಕಿವುಚಿಟ್ಟಿದ್ದ ಬಟ್ಟಲಿಗೆ ನಾನು ಕೈ ಹಾಕಿದ್ದನ್ನು ಕಂಡು ಅತ್ತೆ, "ಹುಳಿ ಆಮೇಲೆ ಬಿಡಮ್ಮ, ಮೊದಲು ಗೆಡ್ಡೆ ಬೇಯಲಿ" ಎಂದರು. ಅವರು ಪ್ರತಿ ಸಲವೂ ಹೇಳುವ ಈ ಮಾತಿಗೆ ಗಟ್ಟಿಯಾದ ಕಾರಣವಿದೆ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಎಂಬ ವಸ್ತು ಕರಗಿದಾಗಲೇ ತರಕಾರಿ ಮೆತ್ತಗಾಗುವುದು, ಹುಳಿಯಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಮೊದಲೇ ಹುಣಸೆರಸ ಬಿಟ್ಟರೆ ಗೆಡ್ಡೆ ಎಷ್ಟು ಕುದಿಸಿದರೂ ನರುಕು ನರುಕಾಗಿಯೇ ಉಳಿಯುತ್ತದೆ. ಬೆಂದ ಮೇಲೆ ಬಿಟ್ಟರೆ ಅದೇ ಹುಳಿ ಗೆಡ್ಡೆ ಕರಗದಂತೆ ಕಾಪಾಡುತ್ತದೆ, ಆದ್ದರಿಂದ ರಾತ್ರಿ ಮತ್ತೆ ಕಾಯಿಸಿದರೂ ತುಂಡು ತುಂಡಾಗಿಯೇ ಇರುತ್ತದೆ.

ಹುಳಿಯ ಈ ಗುಣವನ್ನು ಚೆನ್ನಾಗಿ ಬಳಸಿಕೊಂಡ ಅಡುಗೆಯೆಂದರೆ ಕರಾವಳಿಯ ಕೊಂಕಣಿ ಮನೆಗಳ ಬಟಾಟೆ ಸಾಂಗ್. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಕುಂದಾಪುರದ ಅಕ್ಕ ಇದನ್ನು ಕಲಿಸಿಕೊಟ್ಟರು. ಗೆಡ್ಡೆಯನ್ನು ಮೊದಲು ಬೇಯಿಸಿ ಇಟ್ಟುಕೊಂಡು, ತೆಂಗಿನೆಣ್ಣೆಯಲ್ಲಿ ಗೆಡ್ಡೆಯಷ್ಟೇ ಪ್ರಮಾಣದ ಈರುಳ್ಳಿಯನ್ನು ಈ ಸಲ ಚೆನ್ನಾಗಿ ಕೆಂಪಗೆ ಬಾಡಿಸಿ, ಹುರಿದ ಬ್ಯಾಡಗಿ ಮೆಣಸಿನಕಾಯಿ ಮತ್ತು ಹುಣಸೆಯನ್ನು ನುಣ್ಣಗೆ ರುಬ್ಬಿ ಹಾಕಿ, ಎಣ್ಣೆ ಬಿಡುವವರೆಗೆ ಕುದಿಸಿ, ಕೊನೆಗೆ ಗೆಡ್ಡೆ ಸೇರಿಸುವುದು. ಬ್ಯಾಡಗಿಯಿಂದ ಗಾಢ ಕೆಂಪು ಬಣ್ಣ ಬರುತ್ತದೆ, ಬಣ್ಣ ನೋಡಿ ಹೆದರುವಷ್ಟು ಖಾರ ಇರುವುದಿಲ್ಲ. ಅವರ ಮನೆಯಲ್ಲಿ ಇದರ ಜೊತೆಗೆ ಕಡ್ಡಾಯವಾಗಿ ಇಂಗಿನ ಒಗ್ಗರಣೆಯ ದಾಳಿತೊವ್ವೆ ಇರುತ್ತಿತ್ತು, ನಾನೂ ಅದನ್ನೇ ಪಾಲಿಸುತ್ತೇನೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಈ ಬೆಳೆಯನ್ನು ಪೋರ್ಚುಗೀಸರು ಭಾರತಕ್ಕೆ ತಂದಾಗ ಅದು ಮೊದಲು ಕಾಲಿಟ್ಟದ್ದು ಪಶ್ಚಿಮ ಕರಾವಳಿಯಲ್ಲಿ ಎನ್ನುತ್ತಾರೆ. ಅಲ್ಲಿಯ ಅಡುಗೆಯಲ್ಲಿ ಅದು ಇಷ್ಟು ಹದವಾಗಿ ಬೆರೆತಿರುವುದನ್ನು ಕಂಡಾಗ ಆ ಮಾತು ನನಗೆ ಸಹಜವಾಗಿಯೇ ತೋರುತ್ತದೆ.

ಮೊಸರುಬಜ್ಜಿಯ ಬಗ್ಗೆ ಹೆಚ್ಚು ಬರೆಯಬೇಕಾದದ್ದಿಲ್ಲ. ಬೆಂದ ಗೆಡ್ಡೆ ಪೂರ್ತಿ ಆರಿದ ಮೇಲಷ್ಟೇ ಮೊಸರಿಗೆ ಹಾಕಬೇಕು, ಇಲ್ಲವಾದರೆ ಮೊಸರು ಒಡೆದು ನೀರಾಗುತ್ತದೆ. ಊರಿನ ಮನೆಯಲ್ಲಿ ಸೌದೆ ಒಲೆ ಇದ್ದಾಗ ಕೆಂಡದಲ್ಲಿ ಸುಟ್ಟ ಗೆಡ್ಡೆಯಿಂದ ಇದನ್ನು ಮಾಡುತ್ತಿದ್ದರು, ಆ ಹೊಗೆಯ ವಾಸನೆ ಗ್ಯಾಸಿನ ಒಲೆಯಲ್ಲಿ ಬರುವುದಿಲ್ಲ.

ಸೋದರಮಾವನಿಗೆ ಫೋನ್ ಮಾಡಿದಾಗ ಅವರು ಈ ಸಲ ಆಲೂಗಡ್ಡೆಗೆ ಬಿಟ್ಟ ಜಾಗ ಇನ್ನೂ ಕಡಿಮೆ ಮಾಡಿದ್ದಾಗಿ ಹೇಳಿದರು. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರಬೇಕು. ಬಹಳ ಕಾಲದಿಂದ ಇಲ್ಲಿ ಬೆಳೆಯುತ್ತಿರುವುದು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ ತಳಿ. ಬಿತ್ತನೆಗೆ ದುಡ್ಡು ಸುರಿದು, ಕಣ್ಣು ಇರುವಂತೆ ಹೋಳು ಮಾಡಿ ನೆಟ್ಟ ಮೇಲೆ, ಮೋಡ ಕವಿದು ತಂಪು ಹಿಡಿದ ಒಂದು ವಾರ ಸಾಕು, ಅಂಗಮಾರಿ ರೋಗ ಹೊಲವನ್ನೆಲ್ಲ ಹಬ್ಬಿ ಎಲೆ ಕರಕಾಗುತ್ತದೆ. ಹೀಗಾಗಿಯೇ ಹಾಸನ ಜಿಲ್ಲೆಯ ಅನೇಕ ರೈತರು ಮೆಕ್ಕೆಜೋಳಕ್ಕೂ ಶುಂಠಿಗೂ ಹೊರಳಿದ್ದಾರೆ. ಅವರನ್ನು ದೂರುವ ಹಕ್ಕು ಅಡುಗೆ ಮಾಡುವ ನನಗಿಲ್ಲ. ಆದರೆ ಮಣ್ಣು ಆರದ ಗೆಡ್ಡೆಯನ್ನು ಬಾಣಲೆಗೆ ಹಾಕುವ ಭಾಗ್ಯ ಈ ಊರಿನ ಮನೆಗಳಿಗೆ ತಪ್ಪಬಾರದೆಂದು ಮನಸಾರೆ ಬಯಸುತ್ತೇನೆ. ಮಾರುಕಟ್ಟೆಯಲ್ಲಿ ನಮ್ಮ ಜಿಲ್ಲೆಯ ಹೊಸ ಗೆಡ್ಡೆ ಕಂಡರೆ ಒಂದೆರಡು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳುವುದು ನನ್ನ ಕೈಲಾದ ಕೆಲಸ.

ಚೀಲದಲ್ಲಿ ಉಳಿದದ್ದನ್ನು ಸಂಜೆ ವಿಂಗಡಿಸಿದೆ. ಗುದ್ದಲಿ ತಗುಲಿ ಗಾಯವಾದವು ಮೊದಲು ಬಳಸಲು ಬೇರೆ, ಸಣ್ಣವು ಹುರಿಯುವುದಕ್ಕೆ ಬೇರೆ. ಮಣ್ಣನ್ನು ತೊಳೆಯದೆ, ಒಣಗಿದ ಮೇಲೆ ಕೊಡವಿ, ಬಿದಿರಿನ ಬುಟ್ಟಿಯಲ್ಲಿ ಹರಡಿ, ಬೆಳಕು ಬೀಳದಂತೆ ಗೋಣಿಚೀಲ ಹೊದಿಸಿದ್ದೇನೆ. ಈರುಳ್ಳಿಯ ಬುಟ್ಟಿ ಇನ್ನೊಂದು ಮೂಲೆಗೆ ಹೋಯಿತು. ಮಣ್ಣಿನ ಮೇಲೆ ಬಂದು ಬಿಸಿಲು ಕಂಡು ಹಸಿರಾಗಿದ್ದ ಕೆಲವು ಗೆಡ್ಡೆಗಳನ್ನು ಎಸೆದೆ. ಆ ಹಸಿರು ಬಣ್ಣ ಸ್ವತಃ ಕೆಡುಕಿನದಲ್ಲವಾದರೂ ಅದರ ಜೊತೆಗೆ ಬೆಳೆಯುವ ಸೊಲನಿನ್ ಎಂಬ ಕಹಿ ವಿಷ ಬೇಯಿಸಿದರೂ ಹೋಗುವುದಿಲ್ಲ. ನಾಳೆ ಬೆಂಗಳೂರಿಗೆ ಹೊರಡುವ ಭಾವನ ಕೈಯಲ್ಲಿ ತಂಗಿಯ ಮನೆಗೂ 5 ಕಿಲೋ ಕಟ್ಟಿಟ್ಟಿದ್ದೇನೆ. ಅವಳ ಮಕ್ಕಳು ದೋಸೆ ಪಲ್ಯವನ್ನೇ ಕೇಳುತ್ತಾರೆ, ಅದಕ್ಕೆ ಅಂಗಡಿಯಿಂದ ಹಳೆಯದನ್ನೇ ತರಿಸಿಕೊಂಡು ಇವನ್ನು ಹುರಿಯುವುದಕ್ಕೂ ಸಾರಿಗೂ ಇಟ್ಟುಕೊಳ್ಳಬೇಕೆಂದು ಅವಳಿಗೆ ಈಗಷ್ಟೇ ಫೋನಿನಲ್ಲಿ ತಿಳಿಸಿದೆ.