ರೈನ್ ತೀರದಲ್ಲಿ ಧನುಪೂಜೆ

ಧನು ಸಂಕ್ರಮಣ ಬರುವುದು ಡಿಸೆಂಬರ್ 16ರ ಹಿಂದುಮುಂದು. ಅಂದಿನಿಂದ ಮಕರ ಸಂಕ್ರಮಣದವರೆಗೆ ಧನುರ್ಮಾಸ, ದಿನವೂ ಸೂರ್ಯ ಹುಟ್ಟುವ ಮೊದಲೇ ಧನುಪೂಜೆ. ಕಾಸರಗೋಡಿನ ಮಧೂರು, ಅಡೂರು, ಕುಂಬಳೆ ಕಡೆಯವರಿಗೆ ಬೆಳಗಾಗುವುದೇ ದೇವಸ್ಥಾನದ ಗಂಟೆಗೆ. ಇಬ್ಬನಿಗೆ ಒದ್ದೆಯಾದ ಗದ್ದೆಹುಣಿ, ಕೈಯಲ್ಲೊಂದು ಟಾರ್ಚು, ಪೂಜೆ ಮುಗಿದ ಮೇಲೆ ಬಾಳೆಲೆಯ ಚೂರಿನಲ್ಲಿ ಬಿಸಿ ಹುಗ್ಗಿ. ಇದೇ ತಿಂಗಳು ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸಿನಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳ ಮನೆಗಳಲ್ಲಿ ಕ್ರಿಸ್‌ಮಸ್ ರಜೆ, ಹಿಮ, ನಾಲ್ಕು ದಿನದ ತಿರುಗಾಟ. ವ್ರತ ಹಿಡಿಯುವ ಮನಸ್ಸೇನೋ ಇರುತ್ತದೆ. ಎಡವುವುದು ಹೊತ್ತಿನ ವಿಚಾರದಲ್ಲಿ.

ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಊರಿನಲ್ಲಿ ಬೆಳಗ್ಗೆ 5ಕ್ಕೆ ಪೂಜೆಯಾದರೆ ಅಲ್ಲಿ ರಾತ್ರಿ ಹನ್ನೆರಡೂವರೆ. ಅಮ್ಮ ವಿಡಿಯೋ ಕರೆಯಲ್ಲಿ ಮಂಗಳಾರತಿ ತೋರಿಸುತ್ತಾರೆ, ಮಗಳು ಕೈಮುಗಿದು ಮಲಗುತ್ತಾಳೆ. ಅದು ದರ್ಶನ, ಸಂತೋಷವೇ. ಆದರೆ ಧನುಪೂಜೆ ಆದಂತಾಗಲಿಲ್ಲ. ಪೂಜೆ ಸೂರ್ಯೋದಯಕ್ಕೆ ಮುಂಚಿನದು. ಆ ಸೂರ್ಯೋದಯ ಪೂಜೆ ಮಾಡುವವರು ನಿಂತ ನೆಲದ್ದು.

ಡಿಸೆಂಬರ್ 21ರ ಹೊತ್ತಿಗೆ ಕಾಸರಗೋಡಿನಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ಬರ್ಲಿನ್‌ನಲ್ಲಿ 8.15, ಕೊಲೋನ್‌ನಲ್ಲಿ 8.30, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 8.45ನ್ನೂ ದಾಟುತ್ತದೆ. ಅರುಣೋದಯವೆಂದರೆ ಸೂರ್ಯೋದಯಕ್ಕೆ ಹಿಂದಿನ ನಾಲ್ಕು ಗಳಿಗೆ, ಅಂದರೆ 96 ನಿಮಿಷ. ಕೊಲೋನ್‌ನ ಮನೆಯಲ್ಲಿ ಅದು 6.55ರ ಹತ್ತಿರ ಶುರುವಾಗುತ್ತದೆ. ನಕ್ಷತ್ರ ಇರುವಾಗ ಮಾಡಿದ್ದು ಉತ್ತಮ, ನಕ್ಷತ್ರ ಮಾಸಿದ ಮೇಲೆ ಮಧ್ಯಮ, ಸೂರ್ಯ ಬಂದ ಮೇಲೆ ಅಧಮ ಎಂಬ ಲೆಕ್ಕಕ್ಕೂ 7ಕ್ಕೆ ದೀಪ ಹಚ್ಚಿ 7.15ಕ್ಕೆ ಮಂಗಳಾರತಿ ಎತ್ತಿದರೆ ಸಾಕು. ನಮ್ಮೂರಲ್ಲಿ ಮೂರೂವರೆಗೆ ಏಳುವ ನೈವೇದ್ಯದ ಭಟ್ಟರು ಕೇಳಿದರೆ ಹೊಟ್ಟೆ ಉರಿದುಕೊಂಡಾರು! ಅಲ್ಲಿನ ಡಿಸೆಂಬರಿನ ಮೋಡದಲ್ಲಿ ನಕ್ಷತ್ರ ಕಾಣುವುದು ಅಪರೂಪ, ಹಾಗಾಗಿ ಗಡಿಯಾರವನ್ನೇ ನಂಬಬೇಕು.

ಧನುರ್ಮಾಸ ಸೌರಮಾಸವಾದ್ದರಿಂದ ದಿನ ಎಣಿಸುವುದರಲ್ಲಿ ತಿಥಿಯ ತಲೆನೋವಿಲ್ಲ. ತಲೆನೋವು ನಡುವೆ ಬರುವ ಏಕಾದಶಿಯದ್ದು. ಕೊಲೋನ್‌ನ ಸೂರ್ಯೋದಯ ನಮ್ಮದಾಗಿ ಆರು ಗಂಟೆಗೂ ಹೆಚ್ಚು ಕಳೆದ ಮೇಲೆ ಬರುತ್ತದೆ. ಊರಿನ ಪಂಚಾಂಗದಲ್ಲಿ ಏಕಾದಶಿ ಬೆಳಗ್ಗೆ 10ಕ್ಕೆ ಮುಗಿದರೆ, ಅಲ್ಲಿ ಸೂರ್ಯ ಹುಟ್ಟುವಾಗ ದ್ವಾದಶಿ ಬಂದಾಗಿರುತ್ತದೆ. ಸೂರ್ಯೋದಯಕ್ಕೆ ಏಕಾದಶಿ ಇದ್ದದ್ದು ಅಲ್ಲಿ ಹಿಂದಿನ ದಿನ, ಹಾಗಾಗಿ ಉಪವಾಸ ಒಂದು ದಿನ ಮೊದಲೇ ಬಂತು. ಅಲ್ಲಿನ ಊರಿನ ಹೆಸರು ಹಾಕಿ ಲೆಕ್ಕ ಮಾಡಿದ ಪಂಚಾಂಗವನ್ನೇ ನೋಡಬೇಕು.

ಸಂಕಲ್ಪದ್ದೂ ಇದೇ ಮಾತು. ಬಾಯಿಪಾಠದಂತೆ ‘ಗೋಕರ್ಣಮಂಡಲೇ, ಪರಶುರಾಮಕ್ಷೇತ್ರೇ’ ಎಂದು ಕೊಲೋನ್‌ನಲ್ಲಿ ಕೂತು ಹೇಳಿದರೆ ಕೇಳುವ ದೇವರಿಗೇ ಗಲಿಬಿಲಿ. ಎಲ್ಲಿ, ಯಾವಾಗ, ಯಾರು ಎಂದು ಹೇಳುವುದಕ್ಕೇ ಸಂಕಲ್ಪ ಇರುವುದು. ಅಲ್ಲಿನ ಊರು, ಅಲ್ಲಿನ ನದಿ ಹೇಳಿ: ಕೊಲೋನ್‌ಗೆ ರೈನ್, ಮ್ಯೂನಿಕ್‌ಗೆ ಇಸಾರ್, ಬರ್ಲಿನ್‌ಗೆ ಸ್ಪ್ರೇ. ಇನ್ನು ದಿಕ್ಕು. ಸೂರ್ಯ ಹುಟ್ಟಿದ ಕಡೆಯೇ ಪೂರ್ವ ಎಂದು ಪೀಠ ಇಟ್ಟರೆ ತಪ್ಪುತ್ತದೆ. ಡಿಸೆಂಬರ್ ಕೊನೆಗೆ ಕಾಸರಗೋಡಿನಲ್ಲೇ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ, ಬರ್ಲಿನ್‌ನಲ್ಲಿ 40 ಡಿಗ್ರಿ. ಅದು ಹೆಚ್ಚುಕಡಿಮೆ ಆಗ್ನೇಯ ಮೂಲೆಯೇ. ಫೋನಿನ ದಿಕ್ಸೂಚಿ ಸಾಕು.

ಕತ್ತಲು ಧಾರಾಳ, ಕಷ್ಟ ಬೆಂಕಿಯದ್ದು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ರಾತ್ರಿ ಹೀಟರ್ ಇಳಿಸಿದ ಮನೆಯಲ್ಲಿ ಬೆಳಗ್ಗೆ 17–18 ಡಿಗ್ರಿ. ಗಟ್ಟಿ ಎಣ್ಣೆಯಲ್ಲಿ ನೆಟ್ಟ ಬತ್ತಿ ಒಂದು ಸಲ ಉರಿದು ಆರುತ್ತದೆ, ಮೇಲೆ ಏರುವ ಎಣ್ಣೆಯೇ ಇರುವುದಿಲ್ಲವಲ್ಲ. ಅಪಶಕುನವೆಂದು ಮನಸ್ಸು ಕೆಡಿಸಿಕೊಳ್ಳಬೇಡಿ. ಶೀಶೆಯನ್ನು ಬಿಸಿನೀರಿನಲ್ಲಿ ಐದು ನಿಮಿಷ ನಿಲ್ಲಿಸಿ, ಬತ್ತಿಯನ್ನು ಕರಗಿದ ಎಣ್ಣೆಯಲ್ಲಿ ಪೂರ್ತಿ ನೆನೆಸಿ. ಎಳ್ಳೆಣ್ಣೆಯಾದರೆ ಈ ರಗಳೆಯೇ ಇಲ್ಲ, ಆದರೆ ಹುರಿದ ಎಳ್ಳಿನ ಕಂದು ಎಣ್ಣೆ ತರಬಾರದು. ಅದು ಅಡುಗೆಯ ಘಮಕ್ಕೆ ಇರುವುದು. ಜರ್ಮನಿಯಲ್ಲಿ ಮಲಗುವ ಕೋಣೆಗಳಿಗೂ ಮನೆಯೊಳಗಿನ ಓಣಿಗೂ ಹೊಗೆ ಗುರುತಿಸುವ ಯಂತ್ರ ಕಡ್ಡಾಯ. ದೀಪದ ಜ್ವಾಲೆಗೆ ಅದು ಕೂಗುವುದಿಲ್ಲ, ಧೂಪಕ್ಕೆ, ಕರ್ಪೂರದ ಮಸಿಗೆ, ನಂದಿಸಿದ ಬತ್ತಿಯ ಹೊಗೆಗೆ ಕೂಗುತ್ತದೆ. ಯಂತ್ರದ ಬ್ಯಾಟರಿ ತೆಗೆಯುವ ಜಾಣತನ ಬೇಡ. ದೇವರ ದೀಪ ಕಿಟಕಿಯಿರುವ ಅಡುಗೆಕೋಣೆಗೆ ಬರಲಿ, ಧೂಪ ಬಿಟ್ಟು ಹೂವಿರಲಿ, ಎಣ್ಣೆಯನ್ನು ಚಮಚದ ಲೆಕ್ಕದಲ್ಲಿ ಹಾಕಿ, ತಾನಾಗಿ ಶಾಂತವಾಗುವವರೆಗೆ ಯಾರಾದರೂ ಅಲ್ಲೇ ಇರಿ.

ನೈವೇದ್ಯ ಮುದ್ಗಾನ್ನ, ನಮ್ಮ ಹುಗ್ಗಿ. ನಾಲ್ಕು ಮಂದಿಗೆ 100 ಗ್ರಾಂ ಅಕ್ಕಿ, ಅಷ್ಟೇ ಹೆಸರುಬೇಳೆ, ಒಂದು ಲೀಟರ್ ನೀರು. ಬಾಸ್ಮತಿ ಬೇಡ, ಉದುರುದುರಾಗುತ್ತದೆ. ಅಲ್ಲಿನ ಅಂಗಡಿಯಲ್ಲಿ ಪಾಯಸಕ್ಕೆಂದು ಸಿಗುವ ಗುಂಡು ಅಕ್ಕಿ ಚೆನ್ನಾಗಿ ಮುದ್ದೆಗೂಡುತ್ತದೆ. ಬೇಳೆ ಬೇಯದೆ ಉಳಿದರೆ ತಪ್ಪು ಬೇಳೆಯದ್ದಲ್ಲ, ನಲ್ಲಿಯಲ್ಲಿ ಬರುವ ಗಡಸು ನೀರಿನದ್ದು. ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಸೋಸಿದ ನೀರಿನಲ್ಲಿ ರಾತ್ರಿಯೇ ನೆನೆಹಾಕಿ. ಊರಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರ್, ಕಂಚಿನ ಉರುಳಿ ಇಂಡಕ್ಷನ್ ಒಲೆಯಲ್ಲಿ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಬೆಂದ ಮೇಲೆ ಶುಂಠಿ, ಜೀರಿಗೆ, ಕುಟ್ಟಿದ ಒಳ್ಳೆಮೆಣಸು (ಕಾಳುಮೆಣಸು), ಹಿಡಿ ತೆಂಗಿನತುರಿ, ಉಪ್ಪು, ಎರಡು ದೊಡ್ಡ ಚಮಚ ತುಪ್ಪ.

ತುಪ್ಪವನ್ನು ಊರಿಂದ ಕಟ್ಟಿಕೊಡುವ ಆಸೆ ಅಮ್ಮಂದಿರಿಗೆ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪವೂ ಅದರಲ್ಲಿ ಸೇರಿತು. ಅಲ್ಲೇ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಕಾಯಿಸಿದರೆ 200 ಗ್ರಾಂ ತುಪ್ಪ ಸಿಗುತ್ತದೆ, ಕೊರತೆಯೇನಿಲ್ಲ. ಹಸಿ ತುಳಸಿ, ವೀಳ್ಯದೆಲೆ, ಹೂವಿಗೆ 2019ರ ಡಿಸೆಂಬರ್ 14ರಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆ ನಿಯಮದಿಂದ ಹೊರಗಿಟ್ಟ ಐದು ಹಣ್ಣುಗಳಲ್ಲಿ ತೆಂಗಿನಕಾಯಿಯೂ ಬಾಳೆಹಣ್ಣೂ ಇವೆ, ಗಣಪತಿ ಕಣ್ಣುಬಿಟ್ಟನೆನ್ನಬೇಕು. ಆದರೆ ಕೊಬ್ಬರಿ, ಕರ್ಪೂರ ತಾವಾಗಿ ಹೊತ್ತಿಕೊಳ್ಳುವ, ಬೇಗ ಉರಿಯುವ ವಸ್ತುಗಳ ಪಟ್ಟಿಯಲ್ಲಿರುವುದರಿಂದ ವಿಮಾನಕ್ಕೆ ಹತ್ತಿಸಬಾರದು. ಅಲ್ಲಿನ ದೊಡ್ಡ ಊರುಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ. ಕಾಯಿ, ವೀಳ್ಯ, ಬಾಳೆಲೆ ಎಲ್ಲ ಅಲ್ಲೇ. ಅಂಗಡಿಯಲ್ಲಿ ಚಟ್ಟಿಯಲ್ಲಿ ಮಾರುವ ಬೇಸಿಲ್ ನಮ್ಮ ಕಾಮಕಸ್ತೂರಿ, ತುಳಸಿಯಲ್ಲ. ತುಳಸಿ ತಂಗಳಾಗುವುದಿಲ್ಲವೆಂಬ ಮಾತಿದೆ, ಬೇಸಗೆಯಲ್ಲಿ ಕೊಯ್ದು ಒಣಗಿಸಿಟ್ಟ ದಳ ಚಳಿಗಾಲಕ್ಕೆ ಆಗುತ್ತದೆ.

ರಜೆಯಲ್ಲಿ ನೆನಪಿಡಬೇಕಾದ್ದು: ಜರ್ಮನಿಯಲ್ಲಿ ಡಿಸೆಂಬರ್ 24ರ ಮಧ್ಯಾಹ್ನದಿಂದ 26 ಮುಗಿಯುವವರೆಗೆ ಅಂಗಡಿ ಮುಚ್ಚಿರುತ್ತದೆ, ಕಾಯಿ, ಹಣ್ಣು 23ಕ್ಕೇ ತಂದಿಡಿ. ಲಂಡನ್‌ಗೆ ಹೋದವರಿಗೆ 25ರಂದು ರೈಲೂ ಇಲ್ಲ, ಮೆಟ್ರೋವೂ ಇಲ್ಲ. ಹೋಟೆಲಿನ ಕೋಣೆಯಲ್ಲಿ ದೀಪ ಹಚ್ಚಲೇಬೇಡಿ. ಕೂಗು ಎದ್ದರೆ ಅಗ್ನಿಶಾಮಕದವರು ಬರುತ್ತಾರೆ, ಬಂದ ಖರ್ಚೂ ನಿಮ್ಮ ತಲೆಗೆ ಬೀಳಬಹುದು. ಪ್ರಯಾಣದ ದಿನ ಸ್ನಾನ ಮಾಡಿ ಕಿಟಕಿಯ ಬಳಿ ಕೂತು ಮಾನಸ ಪೂಜೆ ಮಾಡಿದರೆ ವ್ರತ ಮುರಿಯುವುದಿಲ್ಲ. ಅದಕ್ಕೂ ಹೆದರುವವರು ಮೂವತ್ತು ದಿನ ಎನ್ನದೆ, ಮನೆಯಲ್ಲಿರುವ ಐದು ದಿನವೋ ಒಂಬತ್ತು ದಿನವೋ ಎಂದೇ ಸಂಕಲ್ಪ ಮಾಡಲಿ.

ತಿರುಗಾಟದ ದಾರಿಯಲ್ಲೇ ದೇವಸ್ಥಾನಗಳಿವೆ. ಪ್ಯಾರಿಸಿನ ಲಾ ಶಾಪೆಲ್ ಭಾಗದಲ್ಲಿ 1985ರಲ್ಲಿ ಶುರುವಾದ ಮಾಣಿಕ್ಕ ವಿನಾಯಗರ್ ಆಲಯ. ಗಣಪತಿಯ ಊರಾದ ಮಧೂರಿನವರಿಗೆ ಬೇರೆ ಪರಿಚಯ ಬೇಡ, ಅಪ್ಪ ಪ್ರಸಾದವನ್ನು ಮಾತ್ರ ನಿರೀಕ್ಷಿಸಬೇಡಿ. ಜರ್ಮನಿಯ ಹಾಮ್ ಪಟ್ಟಣದ ಹೊರಗೆ, ಕಾರ್ಖಾನೆಗಳ ನಡುವೆ, 2002ರಲ್ಲಿ ಪ್ರತಿಷ್ಠೆಯಾದ ಕಾಮಾಕ್ಷಿ ದೇವಸ್ಥಾನವಿದೆ. ಜಾತ್ರೆಯ ತೀರ್ಥಸ್ನಾನಕ್ಕೆ ಅಲ್ಲಿನ ಭಕ್ತರು ಹೋಗುವುದು ಪಕ್ಕದ ಹಡಗು ಕಾಲುವೆಗೆ. ಶ್ರೀಲಂಕಾದ ಯುದ್ಧಕ್ಕೆ ಊರು ಬಿಟ್ಟು ಬಂದ ಜನ ಕಾವೇರಿ ಇಲ್ಲವೆಂದು ಕೂರಲಿಲ್ಲ.

ಮಕರ ಸಂಕ್ರಮಣಕ್ಕೆ ಕುಂಬಳೆಯ ಕಣಿಪುರ ದೇವಸ್ಥಾನದಲ್ಲಿ ಜಾತ್ರೆಯ ಕೊಡಿ (ಧ್ವಜ) ಏರುವಾಗ ಅಲ್ಲಿ ರಜೆ ಮುಗಿದು ವಾರ ಕಳೆದಿರುತ್ತದೆ. ಶಾಲೆ 8ಕ್ಕೆ. ಕೊನೆಯ ಪೂಜೆಯ ಹುಗ್ಗಿ ತಿಂದು ಮಕ್ಕಳು ಚೀಲ ಹೆಗಲಿಗೇರಿಸಿ ಹೊರಡುವಾಗಲೂ ಬೀದಿದೀಪ ಉರಿಯುತ್ತಲೇ ಇರುತ್ತದೆ.