ರಂಪಾಟಕ್ಕೆ ಇಂಗ್ಲಿಷಲ್ಲಿ ಏನಂತಾರೆ?

ನಮ್ಮಲ್ಲಿ ರಂಪ, ರಾದ್ಧಾಂತ, ಕೂಗಾಟ, ಬೊಬ್ಬೆ ಅಂತ ಬೇಕಾದಷ್ಟಿದೆ, ಆದ್ರೆ ಇಂಗ್ಲಿಷಲ್ಲಿ ಸಿಟ್ಟಿಂದ ಕಂಪ್ಲೇಂಟ್ ಬರೆಯೋಕೆ ಕೂತ್ರೆ ನಂಗೆ 'ಶೌಟಿಂಗ್' ಬಿಟ್ಟು ಇನ್ನೇನೂ ಹೊಳೆಯಲ್ಲ. ಮೊನ್ನೆ ಡಿಕ್ಷನರಿ ಹಿಡ್ಕೊಂಡು ಕೂತೆ. 'ವೊಸಿಫೆರಸ್' ಅಂದ್ರೆ ಜೋರಾಗಿ ಕೂಗಾಡೋ ಅಂತ, ಲ್ಯಾಟಿನ್ ಮೂಲದ್ದು, ದನಿ ಅನ್ನೋ ಪದಕ್ಕೆ ಹೊರು ಅನ್ನೋ ಪದ ಸೇರಿ ಆಗಿದ್ದು, ಅಂದ್ರೆ ದನಿ ಹೊತ್ಕೊಂಡು ಬರೋರು, ಚೆನ್ನಾಗಿದೆ ಅಲ್ವಾ! 'ಹ್ಯೂ ಅಂಡ್ ಕ್ರೈ' ಇನ್ನೂ ಮಜಾ. ಹಳೇ ಇಂಗ್ಲೆಂಡಲ್ಲಿ ಕಳ್ಳ ಓಡಿದ್ರೆ ಊರೋರೆಲ್ಲ ಕೂಗ್ತಾ ಅಟ್ಟಿಸ್ಕೊಂಡು ಹೋಗ್ಬೇಕು ಅಂತ ಕಾನೂನೇ ಇತ್ತಂತೆ, 1285ರ ವಿಂಚೆಸ್ಟರ್ ಶಾಸನದಲ್ಲೂ ಅದಿದೆ, ಈಗ ಜನ ಎಬ್ಬಿಸೋ ಬೊಬ್ಬೆಗೆಲ್ಲ ಅದೇ ಹೆಸರು. 'ರೇಸ್ ಕೇನ್' ಅಂದ್ರೆ ರಂಪ ಎಬ್ಬಿಸೋದು, ಆ ಕೇನ್ ಬೈಬಲ್ಲಲ್ಲಿ ತನ್ನ ತಮ್ಮನನ್ನೇ ಕೊಂದವನು. 'ಹಿಟ್ ದ ರೂಫ್' ಅಂದ್ರೆ ನಮ್ಮ ಪಿತ್ತ ನೆತ್ತಿಗೇರೋದೇ.

ನಾನೊಂದ್ಸಲ ಕಂಪ್ಲೇಂಟ್ ಇಮೇಲಲ್ಲಿ ಹಿಟ್ ಬದಲು 'ರೇಸಿಂಗ್ ದ ರೂಫ್' ಅಂತ ಬರ್ದು ಕಳಿಸಿಬಿಟ್ಟಿದ್ದೆ, ಅದನ್ನ ಜಾಸ್ತಿ ಚಪ್ಪಾಳೆ, ಹಾಡು, ಖುಷಿ ಗಲಾಟೆಗೆ ಬಳಸ್ತಾರೆ ಅಂತ ಆಮೇಲೆ ಗೊತ್ತಾಯ್ತು. ಪುಣ್ಯಕ್ಕೆ ಅವರು ರಿಪ್ಲೈನೇ ಮಾಡ್ಲಿಲ್ಲ.