ಬಾಬ್ ಗ್ರಹಾಂ ಅವರ ‘ವರ್ಕ್‌ಡೇ’ ಮತ್ತು ನನ್ನ ಫ್ರೀಜರ್ ಶಿಫ್ಟ್

ದಿನಾ ಬೆಳಿಗ್ಗೆ ಕೆಲ್ಸಕ್ಕೆ ಹೋಗ್ವಾಗ ಸನ್‌ಶೈನ್ ಸ್ಕೈವೇ ಸೇತುವೆ ದಾಟ್ತೀನಿ, ಅಮೆರಿಕದ ಫ್ಲೋರಿಡಾದ ಟ್ಯಾಂಪಾ ಬೇ ಅನ್ನೋ ಕೊಲ್ಲಿ ಮೇಲೆ ಹಳದಿ ಕೇಬಲ್ ಎಳೆದು ನಿಲ್ಸಿರೋದು. ಅದಕ್ಕೆ ಬಾಬ್ ಗ್ರಹಾಂ ಹೆಸರಿಟ್ಟಿದಾರೆ ಅನ್ನೋದನ್ನ ನಾನು ಎಷ್ಟೋ ದಿನ ಗಮನಿಸೇ ಇರ್ಲಿಲ್ಲ. 2024ರ ಏಪ್ರಿಲ್‌ನಲ್ಲಿ ಅವ್ರು 87ನೇ ವಯಸ್ಸಲ್ಲಿ ತೀರಿಕೊಂಡಾಗ ಆಫೀಸಲ್ಲಿ ಹಿರಿಯರೆಲ್ಲ ಅವ್ರ ಬಗ್ಗೆನೇ ಮಾತಾಡ್ತಿದ್ರು, ಆವಾಗ ಓದೋಕೆ ಶುರು ಮಾಡ್ದೆ.

1979ರಿಂದ 87ರ ತನಕ ಫ್ಲೋರಿಡಾ ಗವರ್ನರ್, ಆಮೇಲೆ 2005ರ ತನಕ ಅಮೆರಿಕದ ಸೆನೆಟರ್. 1980ರಲ್ಲಿ ಹಡಗು ಗುದ್ದಿ ಹಳೇ ಸ್ಕೈವೇ ಕುಸಿದು 35 ಜನ ಸತ್ತಾಗ ಇವ್ರೇ ಗವರ್ನರ್, ಹೊಸದು ಕೇಬಲ್ ಸೇತುವೆನೇ ಆಗ್ಬೇಕು ಅಂತ ಪಟ್ಟು ಹಿಡಿದೋರೂ ಇವ್ರೇ.

ಆದ್ರೆ ನನ್ನನ್ನ ಹಿಡಿದು ಕೂರ್ಸಿದ್ದು ಅವ್ರ ‘ವರ್ಕ್‌ಡೇ’, ಅಂದ್ರೆ ಬೇರೆಯವ್ರ ಕೆಲಸನ ಒಂದಿಡೀ ದಿನ ತಾವೇ ಮಾಡೋದು. 1974ರಲ್ಲಿ ರಾಜ್ಯದ ಸೆನೆಟ್‌ನಲ್ಲಿದ್ರು, ಶಿಕ್ಷಣದ ಕಾನೂನು ಮಾಡೋರಿಗೇ ಕ್ಲಾಸ್‌ರೂಂ ಏನಂತ ಗೊತ್ತಿಲ್ಲ ಅಂತ ಟೀಚರ್ ಒಬ್ರು ಮುಖಕ್ಕೇ ತಕರಾರು ಮಾಡಿದ್ರಂತೆ, ಇವ್ರು ಸಿಟ್ಟಾಗದೆ ಮಯಾಮಿಯ ಕ್ಯಾರಲ್ ಸಿಟಿ ಹೈಸ್ಕೂಲಿಗೆ ಹೋಗಿ ಒಂದು ಸೆಮಿಸ್ಟರ್ ಪೂರ್ತಿ ಪೌರನೀತಿ ಪಾಠ ಮಾಡಿದ್ರು. 1978ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ 100 ದಿನ 100 ಕೆಲಸ. ಗೆದ್ದ ಮೇಲೂ ಬಿಡ್ಲಿಲ್ಲ ನೋಡಿ, ಪೊಲೀಸ್, ಕಟ್ಟಡ ಕೆಲಸ, ರೈಲು ಎಂಜಿನ್, ಹೋಟೆಲಲ್ಲಿ ತಟ್ಟೆ ಎತ್ತೋದು, ಹೀಗೆ ಮೂವತ್ತು ವರ್ಷದಲ್ಲಿ 400ಕ್ಕೂ ಹೆಚ್ಚು ದಿನ. ಬಂದು ಫೋಟೋ ತೆಗೆಸ್ಕೊಂಡು ಹೋಗ್ತಿರ್ಲಿಲ್ಲ, ಇಡೀ ದಿನ ದುಡೀತಿದ್ರು.

ನನ್ ಕೆಲಸ ಕೋಲ್ಡ್ ಸ್ಟೋರೇಜ್ ಗೋದಾಮಿನ ಸ್ಕ್ಯಾನರ್‌ಗೆ ಆ್ಯಪ್ ಮಾಡೋದು. ಫ್ರೀಜರ್ ಒಳಗೆ ಮೈನಸ್ 20 ಡಿಗ್ರಿ. ಆ್ಯಪ್ ನಿಧಾನ ಅಂತ ಅಲ್ಲಿನ ಹುಡುಗ್ರು ಪದೇ ಪದೇ ಹೇಳ್ತಿದ್ರು, ನಾನೂ ಐದಾರು ಸಲ ಜಾಕೆಟ್ ಹಾಕ್ಕೊಂಡು ಒಳಗೆ ಸುತ್ತಾಡಿ ಬಂದಿದ್ದೆ, ಏನೂ ಕಂಡಿರ್ಲಿಲ್ಲ, ಆ್ಯಪ್ ತಾನೇ ಬರೆದಿಡೋ ಲಾಗ್ ನೋಡಿದ್ರೆ ಪ್ರತಿ ಸ್ಕ್ಯಾನ್ ಸೆಕೆಂಡುಗಳಲ್ಲಿ ಮುಗೀತಿತ್ತು. ಗ್ರಹಾಂ ಬಗ್ಗೆ ಓದಿದ್ಮೇಲೆ ಮ್ಯಾನೇಜರ್ ಹತ್ರ ಕೇಳಿ ಒಂದು ಪೂರ್ತಿ ಶಿಫ್ಟ್ ಪೆಟ್ಟಿಗೆ ಎತ್ತೋಕೆ ನಿಂತೆ.

ಅರ್ಧ ಗಂಟೆಯಲ್ಲೇ ಗೊತ್ತಾಯ್ತು. ದಪ್ಪ ಗ್ಲೌಸ್ ಹಾಕಿದ್ರೆ ಸ್ಕ್ರೀನ್ ಮುಟ್ಟಿದ್ದು ತಿಳಿಯಲ್ಲ, ಒಂದು ಕೈಯಲ್ಲಿ ಸ್ಕ್ಯಾನರ್ ಇನ್ನೊಂದರಲ್ಲಿ ಪೆಟ್ಟಿಗೆ, ಹಾಗಾಗಿ ಎಲ್ರೂ ಬಲಗೈ ಗ್ಲೌಸನ್ನ ಹಲ್ಲಲ್ಲಿ ಕಚ್ಚಿ ಎಳೆದು, ‘ಓಕೆ’ ಒತ್ತಿ, ಮತ್ತೆ ತುರುಕ್ಕೋತಾರೆ. ಪ್ರತಿ ಪೆಟ್ಟಿಗೆಗೂ. ಮಧ್ಯಾಹ್ನದ ಹೊತ್ತಿಗೆ ನನ್ ಬೆರಳ ತುದಿ ಮರಗಟ್ಟಿ ಅನ್ನದ ಡಬ್ಬಿ ಮುಚ್ಚಳ ತೆಗೆಯೋಕಾಗ್ಲಿಲ್ಲ, ಪಕ್ಕದಲ್ಲಿ ಕೂತಿದ್ದ ಅಣ್ಣ ತೆಗೆದುಕೊಟ್ರು. ಅವ್ರು ಅಲ್ಲಿ ಒಂಬತ್ತು ವರ್ಷದಿಂದ ಇದಾರೆ.

ಇನ್ನೊಂದು ವಿಷಯನೂ ಗ್ರಹಾಂ ಅವ್ರಿಂದಲೇ ಕಲಿತದ್ದು. ಜೇಬಲ್ಲಿ ಯಾವಾಗ್ಲೂ ಪುಟ್ಟ ಸ್ಪೈರಲ್ ನೋಟ್‌ಬುಕ್, ದಿನದಲ್ಲಿ ಏನೇನಾಯ್ತು ಎಲ್ಲ ಬರೆಯೋರು, ಪತ್ರಿಕೆಯೋರು ನಗಾಡಿದ್ರೂ ಬಿಡ್ಲಿಲ್ಲ. 2009ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಕೈದಿಗಳ ವಿಚಾರಣೆ ಬಗ್ಗೆ 2002ರಲ್ಲಿ ನಿಮಗೆ ನಾಲ್ಕು ಸಲ ತಿಳಿಸಿದ್ವಿ ಅಂತ ತಾರೀಕು ಕೊಡ್ತು, ಇವ್ರು ಪುಸ್ತಕ ತೆಗೆದು ನೋಡಿದ್ರೆ ಮೂರು ತಾರೀಕಲ್ಲಿ ಅಂಥ ಮೀಟಿಂಗೇ ಇಲ್ಲ, ಕೊನೆಗೆ ಸಿಐಎನೇ ತಪ್ಪು ಒಪ್ಕೊಳ್ತು.

ನಾನೂ ಅವತ್ತು ಒಂದು ಪುಟ್ಟ ಪುಸ್ತಕ ಇಟ್ಕೊಂಡಿದ್ದೆ. ಮೀಟಿಂಗಲ್ಲಿ ಮತ್ತೆ ಅದೇ ಲಾಗ್ ತೋರ್ಸಿ ಎಲ್ಲ ಸರಿ ಇದೆಯಲ್ಲ ಅಂದಾಗ ಪುಸ್ತಕ ತೆಗೆದು ಓದಿದೆ, ಗ್ಲೌಸ್ ಬಿಚ್ಚಿದ್ದು ಎಷ್ಟು ಹೊತ್ತಿಗೆ, ಹಾಕಿದ್ದು ಎಷ್ಟು ಹೊತ್ತಿಗೆ. ಲಾಗ್ ಲೆಕ್ಕ ಶುರು ಮಾಡೋದು ಬೆರಳು ಸ್ಕ್ರೀನ್ ಮುಟ್ಟಿದ ಮೇಲೆ, ಅದಕ್ಕೂ ಮುಂಚಿನ ಒದ್ದಾಟ ಅದರಲ್ಲಿ ಇರೋದೇ ಇಲ್ಲ. ಯಾರೂ ಎದುರಾಡ್ಲಿಲ್ಲ.

ಈಗ ‘ಓಕೆ’ಯನ್ನ ಸ್ಕ್ಯಾನರ್ ಹಿಡಿಯ ಬಟನ್‌ಗೆ ಕೊಟ್ಟಿದೀವಿ, ಗ್ಲೌಸ್ ಹಾಕ್ಕೊಂಡೇ ಒತ್ತಬಹುದು. ಮೊನ್ನೆ ಒಳಗೆ ಹೋದಾಗ ಆ ಅಣ್ಣ ಒಂದು ಪ್ಯಾಲೆಟ್ ಪೂರ್ತಿ ಮುಗ್ಸಿದ್ರು, ಎರಡೂ ಗ್ಲೌಸ್ ಕೈಯಲ್ಲೇ ಇತ್ತು. ಮುಂದಿನ ತಿಂಗಳು ಅವ್ರ ಜೊತೆ ಟ್ರಕ್ ಲೋಡಿಂಗ್ ಶಿಫ್ಟ್‌ಗೆ ಹೆಸರು ಕೊಟ್ಟಿದೀನಿ.